ಪುಣೆಯಲ್ಲಿ ವೈದ್ಯರಾಗುವ ಎರಡನೆಯ ದಾರಿ

ಪುಣೆಯ ರಾಸ್ತಾ ಪೇಟೆಯಲ್ಲಿರುವ ತಿಲಕ್ ಆಯುರ್ವೇದ ಮಹಾವಿದ್ಯಾಲಯಕ್ಕೂ ಸಸೂನ್ ಆಸ್ಪತ್ರೆಗೆ ಹೊಂದಿಕೊಂಡ ಬಿ.ಜೆ. ವೈದ್ಯಕೀಯ ಕಾಲೇಜಿಗೂ ನಡುವೆ ನಡೆದು ಹೋಗುವಷ್ಟೇ ದೂರ. ಎರಡಕ್ಕೂ ಪ್ರವೇಶ ನೀಟ್ ಪರೀಕ್ಷೆಯ ಮೂಲಕ. ಎರಡರಲ್ಲೂ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು. ಕೊನೆಗೆ ಎರಡಕ್ಕೂ ಪದವಿ ಕೊಡುವುದು ನಾಸಿಕ್‌ನ ಮಹಾರಾಷ್ಟ್ರ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಒಂದರಿಂದ ಬಂದವರು ಬಿಎಎಂಎಸ್, ಇನ್ನೊಂದರಿಂದ ಬಂದವರು ಎಂಬಿಬಿಎಸ್. ಇಬ್ಬರ ಹೆಸರಿನ ಹಿಂದೆಯೂ ‘ಡಾ.’ ಇರುತ್ತದೆ. ಆದರೆ ಅವರ ಹೆಸರು ದಾಖಲಾಗುವುದು ಬೇರೆ ಬೇರೆ ಕಾಯ್ದೆಯ ಬೇರೆ ಬೇರೆ ಪಟ್ಟಿಗಳಲ್ಲಿ. ಯಾವ ಔಷಧ ಬರೆಯಬಹುದು, ಯಾವ ಶಸ್ತ್ರಕ್ರಿಯೆ ಮಾಡಬಹುದು ಎಂಬುದೆಲ್ಲ ಆ ಪಟ್ಟಿಯಿಂದ ತೀರ್ಮಾನವಾಗುತ್ತದೆ.

ಭಾರತದಲ್ಲಿ ಹೀಗೆ ಎರಡು ಪಟ್ಟಿಗಳು ಒಟ್ಟಿಗೇ ನಡೆದುಬಂದಿವೆ. ಅಮೆರಿಕದಲ್ಲಿಯೂ ವೈದ್ಯರಾಗಲು ಎರಡು ದಾರಿಗಳಿವೆ, ಎಂ.ಡಿ. ಮತ್ತು ಡಿ.ಒ. ಎರಡನೆಯದು ಆಸ್ಟಿಯೋಪಥಿ ಪದ್ಧತಿಯ ಪದವಿ. ಆದರೆ ಅಲ್ಲಿ ಎರಡೂ ದಾರಿಗಳು ಸೇರುವುದು ಒಂದೇ ಜಾಗಕ್ಕೆ: ಡಿ.ಒ. ಆದವರಿಗೂ ಎಂ.ಡಿ. ಆದವರಿಗೂ ಚಿಕಿತ್ಸೆಯ ಹಕ್ಕು ಒಂದೇ. ಪುಣೆಯ ವ್ಯವಸ್ಥೆ ಅರ್ಥವಾಗಬೇಕಾದರೆ ಈ ಅಮೆರಿಕದ ಕಥೆ ಮೊದಲು ತಿಳಿದಿರುವುದು ಒಳ್ಳೆಯದು.

ಆ್ಯಂಡ್ರೂ ಟೇಲರ್ ಸ್ಟಿಲ್ ಎಂಬ ವೈದ್ಯ ತನ್ನ ಕಾಲದ ಔಷಧಗಳಲ್ಲಿ ನಂಬಿಕೆ ಕಳೆದುಕೊಂಡಿದ್ದ. ಮೂಳೆ, ಕೀಲು, ಸ್ನಾಯುಗಳ ಜೋಡಣೆ ಸರಿಯಾದರೆ ದೇಹ ತಾನಾಗಿಯೇ ಗುಣವಾಗುತ್ತದೆ ಎಂಬ ವಾದವನ್ನು 1874ರಲ್ಲಿ ಮುಂದಿಟ್ಟ. 1892ರಲ್ಲಿ ಮಿಸೌರಿ ರಾಜ್ಯದ ಕರ್ಕ್ಸ್‌ವಿಲ್ ಎಂಬ ಚಿಕ್ಕ ಊರಿನಲ್ಲಿ ಇದರ ಮೊದಲ ಶಾಲೆ ತೆರೆಯಿತು. 1896ರಲ್ಲಿ ವರ್ಮಾಂಟ್ ರಾಜ್ಯ ಆಸ್ಟಿಯೋಪಥಿಗೆ ಮೊದಲ ಕಾನೂನು ಮಾನ್ಯತೆ ಕೊಟ್ಟಿತು. ಆಗಿನ ಮಾನ್ಯತೆ ಬಹುಮಟ್ಟಿಗೆ ಕೈಯಿಂದ ಮಾಡುವ ಚಿಕಿತ್ಸೆಗಷ್ಟೇ ಸೀಮಿತ. 1910ರಲ್ಲಿ ಅಮೆರಿಕದ ವೈದ್ಯಶಾಲೆಗಳನ್ನು ಪರಿಶೀಲಿಸಿದ ಫ್ಲೆಕ್ಸ್‌ನರ್ ವರದಿ ಆಸ್ಟಿಯೋಪಥಿ ಶಾಲೆಗಳನ್ನೂ ಬಿಡದೆ ಟೀಕಿಸಿತು. ಆ ಶಾಲೆಗಳು ಉಳಿದುಕೊಂಡದ್ದು ತಮ್ಮ ಪಾಠಪಟ್ಟಿಯನ್ನು ಬದಲಿಸಿಕೊಂಡಿದ್ದರಿಂದ. ಔಷಧಶಾಸ್ತ್ರ, ಶಸ್ತ್ರಚಿಕಿತ್ಸೆ, ಆಸ್ಪತ್ರೆಯ ತರಬೇತಿ ಒಂದೊಂದಾಗಿ ಒಳಗೆ ಬಂದವು. ಎಲ್ಲ 50 ರಾಜ್ಯಗಳಲ್ಲಿ ಪೂರ್ಣ ಹಕ್ಕು ಸಿಗುವ ಹೊತ್ತಿಗೆ 1973 ಆಗಿತ್ತು. ಎಂದರೆ ಮೊದಲ ಶಾಲೆಯಿಂದ ಸುಮಾರು 80 ವರ್ಷ.

ಇಂದು ಅಲ್ಲಿ ಪದವಿಯ ನಂತರ ನಾಲ್ಕು ವರ್ಷ ಆಸ್ಟಿಯೋಪಥಿ ವೈದ್ಯಶಾಲೆಯಲ್ಲಿ ಓದು. ಎಂ.ಡಿ. ವಿದ್ಯಾರ್ಥಿ ಕಲಿಯುವುದೆಲ್ಲವೂ ಅದರಲ್ಲಿ ಇರುತ್ತದೆ. ಅದರ ಮೇಲೆ ಕೈಚಿಕಿತ್ಸೆಯ ಸುಮಾರು 200 ಗಂಟೆಗಳ ಹೆಚ್ಚುವರಿ ಪಾಠ. ಮೂರು ಹಂತಗಳ ಕಾಮ್ಲೆಕ್ಸ್ ಎಂಬ ರಾಷ್ಟ್ರೀಯ ಪರೀಕ್ಷೆ. ಬಳಿಕ ವಿಷಯಕ್ಕೆ ತಕ್ಕಂತೆ ಮೂರರಿಂದ ಏಳು ವರ್ಷ ಆಸ್ಪತ್ರೆಯಲ್ಲಿ ರೆಸಿಡೆನ್ಸಿ. 2020ರಿಂದ ಎರಡೂ ಪದವಿಗಳ ರೆಸಿಡೆನ್ಸಿಗೆ ಮಾನ್ಯತೆ ಕೊಡುವ ಸಂಸ್ಥೆ ಒಂದೇ. ಪರವಾನಗಿ ಕೊಡುವುದು ಆಯಾ ರಾಜ್ಯದ ಮಂಡಳಿ. ಅಮೆರಿಕದ ಹೊರಗೆ ಚಿತ್ರ ಬೇರೆ. ಬ್ರಿಟನ್ನಿನಲ್ಲಿ 1993ರ ಕಾಯ್ದೆಯಡಿ ನೋಂದಣಿಯಾಗುವ ಆಸ್ಟಿಯೋಪಾತ್‌ಗಳು ಕೈಚಿಕಿತ್ಸಕರೇ ಹೊರತು ಔಷಧ ಬರೆಯುವ ವೈದ್ಯರಲ್ಲ. ಭಾರತದ ಆಯುಷ್ ಪದ್ಧತಿಗಳಲ್ಲಿ ಆಸ್ಟಿಯೋಪಥಿ ಸೇರಿಲ್ಲ. ಇಲ್ಲಿ ಅದರ ಜಾಗದಲ್ಲಿ ನಿಂತಿರುವುದು ಆಯುರ್ವೇದ, ಯುನಾನಿ, ಹೋಮಿಯೋಪಥಿಗಳು. ಆದರೆ ಇವು ತುಳಿದ ದಾರಿ ಬೇರೆ.

ಆ ದಾರಿ ಶುರುವಾಗುವುದು ಹಳೆಯ ಮುಂಬಯಿ ಪ್ರಾಂತದಲ್ಲಿ. 1938ರ ಬಾಂಬೆ ವೈದ್ಯವೃತ್ತಿ ಕಾಯ್ದೆ ವೈದ್ಯರಿಗೂ ಹಕೀಮರಿಗೂ ಮೊದಲ ಬಾರಿಗೆ ಸರ್ಕಾರಿ ನೋಂದಣಿಯನ್ನು ತಂದಿತು. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರಗಳೆಲ್ಲ ಆಗ ಅದೇ ಪ್ರಾಂತದಲ್ಲಿದ್ದುದರಿಂದ ಕಾಯ್ದೆ ಪುಣೆಗೆ ಅನ್ವಯಿಸಿದಂತೆಯೇ ಈ ಕನ್ನಡ ಜಿಲ್ಲೆಗಳಿಗೂ ಅನ್ವಯಿಸಿತು. ಅದುವರೆಗೆ ಆಯುರ್ವೇದ ಕಲಿಯುತ್ತಿದ್ದುದು ಬಹುಮಟ್ಟಿಗೆ ಗುರುವಿನ ಮನೆಯಲ್ಲಿ, ಅಪ್ಪನ ಕೈಕೆಳಗೆ, ಇಲ್ಲವೇ ಸಂಸ್ಕೃತ ಪಾಠಶಾಲೆಗಳಲ್ಲಿ. ಯಾರು ವೈದ್ಯ, ಯಾರು ಅಲ್ಲ ಎಂದು ಹೇಳಬಲ್ಲ ಅಧಿಕಾರ ಯಾರಿಗೂ ಇರಲಿಲ್ಲ. ಕಾಯ್ದೆ ಅದನ್ನು ಹೇಳುವ ಹೊಣೆಯನ್ನು ಒಂದು ಮಂಡಳಿಗೆ ವಹಿಸಿತು.

ಕಾಲೇಜುಗಳು ಕಾಯ್ದೆಗಿಂತ ಮೊದಲೇ ಹುಟ್ಟಿದ್ದವು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ 1908ರಲ್ಲೇ ಸರ್ಕಾರಿ ಆಯುರ್ವೇದ ಕಾಲೇಜು ಆರಂಭವಾಗಿತ್ತು. ಪುಣೆಯಲ್ಲಿ ವೈದ್ಯ ಪುರುಷೋತ್ತಮ ಶಾಸ್ತ್ರಿ ನಾನಲ್ ಅವರ ಮುಂದಾಳತ್ವದಲ್ಲಿ ರಾಷ್ಟ್ರೀಯ ಶಿಕ್ಷಣ ಮಂಡಳ ತಿಲಕ್ ಆಯುರ್ವೇದ ಮಹಾವಿದ್ಯಾಲಯವನ್ನು 1933ರಲ್ಲಿ ಸ್ಥಾಪಿಸಿತು. ಬೆಳಗಾವಿಯ ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯದ ಆರಂಭವೂ ಅದೇ ವರ್ಷ. ಪುಣೆಯ ಕಾಲೇಜಿನ ಹೆಸರಿನಲ್ಲೇ ಅದರ ಕಾಲದ ರಾಷ್ಟ್ರೀಯ ಶಿಕ್ಷಣ ಚಳವಳಿಯ ಗುರುತಿದೆ. ಕಾಲೇಜಿನ ಪಕ್ಕದ ಸೇಠ್ ತಾರಾಚಂದ ರಾಮನಾಥ ಧರ್ಮಾರ್ಥ ಆಸ್ಪತ್ರೆ ವಿದ್ಯಾರ್ಥಿಗಳಿಗೆ ರೋಗಿಗಳನ್ನು ನೋಡುವ ಅವಕಾಶ ಕೊಟ್ಟಿತು. ಗ್ರಂಥದಿಂದ ಕಲಿತದ್ದನ್ನು ಹಾಸಿಗೆಯ ಪಕ್ಕ ನಿಂತು ಪರೀಕ್ಷಿಸುವುದು ಆಯುರ್ವೇದ ಶಿಕ್ಷಣದಲ್ಲಿ ಆಗ ದೊಡ್ಡ ಹೆಜ್ಜೆ.

ಆದರೆ ಏನನ್ನು ಕಲಿಸಬೇಕು ಎಂಬ ಪ್ರಶ್ನೆಗೆ ದಶಕಗಳ ಕಾಲ ಒಮ್ಮತದ ಉತ್ತರ ಸಿಗಲಿಲ್ಲ. ಒಂದು ಪಂಗಡಕ್ಕೆ ‘ಶುದ್ಧ ಆಯುರ್ವೇದ’ ಬೇಕಿತ್ತು: ಚರಕ, ಸುಶ್ರುತ, ವಾಗ್ಭಟರ ಸಂಹಿತೆಗಳೇ ಮೂಲ, ಅಲೋಪಥಿಯ ಬೆರಕೆ ಬೇಡ. ಇನ್ನೊಂದು ಪಂಗಡಕ್ಕೆ ‘ಮಿಶ್ರ’ ಅಥವಾ ಸಂಯೋಜಿತ ಶಿಕ್ಷಣ ಬೇಕಿತ್ತು: ಆಧುನಿಕ ಶರೀರರಚನೆ, ರೋಗಶಾಸ್ತ್ರ, ಶಸ್ತ್ರಕ್ರಿಯೆಗಳೂ ಪಾಠದಲ್ಲಿರಲಿ. 1940ರ ದಶಕದ ಕೊನೆಯಲ್ಲಿ ಚೋಪ್ರಾ ಸಮಿತಿ ಸಂಯೋಜನೆಯ ಪರ ನಿಂತಿತು. 1963ರ ಹೊತ್ತಿಗೆ ವ್ಯಾಸ್ ಸಮಿತಿ ಶುದ್ಧ ಆಯುರ್ವೇದದ ಪರವಾಗಿ ಪಾಠಪಟ್ಟಿಯನ್ನೇ ಬರೆದುಕೊಟ್ಟಿತು. ಈ ಎಳೆದಾಟದಲ್ಲಿ ರಾಜ್ಯಕ್ಕೊಂದು ಪದವಿ, ಕಾಲೇಜಿಗೊಂದು ಪಾಠಪಟ್ಟಿ ಎಂಬಂತಾಗಿತ್ತು. ಅದಕ್ಕೆ ತೆರೆ ಎಳೆದದ್ದು 1970ರ ಭಾರತೀಯ ವೈದ್ಯಪದ್ಧತಿ ಕೇಂದ್ರ ಮಂಡಳಿ ಕಾಯ್ದೆ. ಅದರಡಿ ದೇಶಕ್ಕೆಲ್ಲ ಒಂದೇ ಬಿಎಎಂಎಸ್ ಪದವಿ ಬಂತು. 2020ರ ಕಾಯ್ದೆಯೊಂದು ಆ ಮಂಡಳಿಯ ಜಾಗಕ್ಕೆ ಭಾರತೀಯ ವೈದ್ಯಪದ್ಧತಿಗಳ ರಾಷ್ಟ್ರೀಯ ಆಯೋಗವನ್ನು ತಂದಿತು. ಹೋಮಿಯೋಪಥಿಗೂ ಅದೇ ವರ್ಷ ಪ್ರತ್ಯೇಕ ಆಯೋಗ ರಚಿಸುವ ಕಾಯ್ದೆಯಾಯಿತು.

ಇಂದಿನ ಬಿಎಎಂಎಸ್ ಆ ಹಳೆಯ ಎಳೆದಾಟದ ರಾಜಿಯಂತೆಯೇ ಇದೆ. ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರು ನೀಟ್ ಬರೆದು ಒಳಬರುತ್ತಾರೆ. 2022ರ ನಿಯಮಗಳ ಪ್ರಕಾರ ನಾಲ್ಕೂವರೆ ವರ್ಷದ ಪಾಠವನ್ನು 18 ತಿಂಗಳ ಮೂರು ಹಂತಗಳಾಗಿ ಹಂಚಲಾಗಿದೆ. ಮೊದಲ ಹಂತದಲ್ಲಿ ಸಂಸ್ಕೃತ, ಪದಾರ್ಥ ವಿಜ್ಞಾನ, ರಚನಾ ಶಾರೀರ, ಕ್ರಿಯಾ ಶಾರೀರ. ವಾತ ಪಿತ್ತ ಕಫಗಳ ಸಿದ್ಧಾಂತವನ್ನೂ ಹೃದಯದ ಕವಾಟಗಳ ಕೆಲಸವನ್ನೂ ವಿದ್ಯಾರ್ಥಿ ಒಟ್ಟಿಗೇ ಕಲಿಯಬೇಕು. ಬೆಳಗ್ಗೆ ಅಷ್ಟಾಂಗ ಹೃದಯದ ಸೂತ್ರಸ್ಥಾನ ಓದಿದ ವಿದ್ಯಾರ್ಥಿ ಮಧ್ಯಾಹ್ನ ಶವವಿಚ್ಛೇದನದ ಮೇಜಿನ ಮುಂದೆ ನಿಲ್ಲಬಹುದು. ಹದಿನೆಂಟು ವರ್ಷದ ಹುಡುಗ ಹುಡುಗಿಯರಿಗೆ ಇದು ಸಣ್ಣ ಹೊರೆಯಲ್ಲ. ಈ ಪದವಿಯನ್ನು ಸುಲಭದ ಓದು ಎಂದು ತಳ್ಳಿಹಾಕುವವರು ಒಮ್ಮೆ ಈ ಪಾಠಪಟ್ಟಿ ತೆರೆದು ನೋಡಬೇಕು.

ಎರಡನೆಯ ಹಂತದಲ್ಲಿ ದ್ರವ್ಯಗುಣ, ಅಂದರೆ ಮೂಲಿಕೆಗಳ ಗುರುತು ಮತ್ತು ಗುಣ. ಜೊತೆಗೆ ರಸಶಾಸ್ತ್ರ ಮತ್ತು ಔಷಧ ತಯಾರಿ, ರೋಗನಿದಾನ, ವಿಷಗಳನ್ನೂ ವೈದ್ಯಕೀಯ ಕಾನೂನನ್ನೂ ಕಲಿಸುವ ಅಗದತಂತ್ರ, ಸಾರ್ವಜನಿಕ ಆರೋಗ್ಯದ ಪಾಠವಾದ ಸ್ವಸ್ಥವೃತ್ತ. ಮೂರನೆಯ ಹಂತ ಪೂರ್ತಿ ಚಿಕಿತ್ಸೆಗೆ ಮೀಸಲು: ಕಾಯಚಿಕಿತ್ಸೆ, ಪಂಚಕರ್ಮ, ಶಲ್ಯ ಎಂಬ ಶಸ್ತ್ರಚಿಕಿತ್ಸೆ, ಕಣ್ಣು ಕಿವಿ ಮೂಗು ಗಂಟಲಿನ ಶಾಲಾಕ್ಯ, ಪ್ರಸೂತಿ ಮತ್ತು ಸ್ತ್ರೀರೋಗ, ಮಕ್ಕಳ ಕೌಮಾರಭೃತ್ಯ, ಇವುಗಳ ಜೊತೆಗೆ ಸಂಶೋಧನಾ ವಿಧಾನ ಮತ್ತು ಸಂಖ್ಯಾಶಾಸ್ತ್ರ. ಸಂಹಿತೆಗಳ ಅಧ್ಯಯನ ಮೂರೂ ಹಂತಗಳಲ್ಲಿ ಇರುತ್ತದೆ. ನಂತರ 12 ತಿಂಗಳ ಇಂಟರ್ನ್‌ಶಿಪ್. ಅದರ ಒಂದು ಭಾಗವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಸರ್ಕಾರಿ ಆಸ್ಪತ್ರೆಯಲ್ಲೋ ಮಾಡಲು ಅವಕಾಶವಿದೆ. ಅಲ್ಲಿ ವಿದ್ಯಾರ್ಥಿಯ ಕಣ್ಣೆದುರು ನಡೆಯುವುದು ಬಹುಪಾಲು ಅಲೋಪಥಿ ಚಿಕಿತ್ಸೆಯೇ.

ಇಷ್ಟೆಲ್ಲ ಇರುವ ಪಾಠಪಟ್ಟಿಯಲ್ಲಿ ಒಂದು ಕೊರತೆ ಇದೆ, ಮುಂದಿನ ವಿವಾದಗಳೆಲ್ಲ ಹುಟ್ಟುವುದು ಅಲ್ಲಿಂದಲೇ. ಎಂಬಿಬಿಎಸ್‌ನಲ್ಲಿ ಔಷಧಶಾಸ್ತ್ರ ಪೂರ್ಣಪ್ರಮಾಣದ ವಿಷಯ. ಪ್ರತಿಜೀವಕಗಳು, ಸ್ಟಿರಾಯ್ಡ್‌ಗಳು, ರಕ್ತದೊತ್ತಡದ ಗುಳಿಗೆಗಳು ದೇಹದಲ್ಲಿ ಏನು ಮಾಡುತ್ತವೆ, ಯಾವುದರ ಜೊತೆ ಯಾವುದನ್ನು ಕೊಡಬಾರದು ಎಂಬುದನ್ನು ಅಲ್ಲಿ ಕಲಿತು ಪರೀಕ್ಷೆ ಬರೆಯಬೇಕು. ಬಿಎಎಂಎಸ್‌ನಲ್ಲಿ ಅದಕ್ಕೆ ಸಮನಾದ ಪ್ರತ್ಯೇಕ ವಿಷಯವಾಗಲಿ ಪರೀಕ್ಷೆಯಾಗಲಿ ಇಲ್ಲ. ಆಯುರ್ವೇದ ವೈದ್ಯರು ಕಲಿತ ಔಷಧಶಾಸ್ತ್ರ ತಮ್ಮ ಪದ್ಧತಿಯದು, ಅದರಲ್ಲಿ ಅವರ ಓದು ಆಳವಾದದ್ದು.

ಪದವಿ ಕೈಗೆ ಬಂದ ಮಾತ್ರಕ್ಕೆ ದವಾಖಾನೆ ತೆರೆಯುವಂತಿಲ್ಲ. ಇಂಟರ್ನ್‌ಶಿಪ್‌ಗೆ ಮೊದಲು ತಾತ್ಕಾಲಿಕ ನೋಂದಣಿ, ಅದು ಮುಗಿದು ಪದವಿ ಬಂದ ಮೇಲೆ ಕಾಯಂ ನೋಂದಣಿ. ಮಹಾರಾಷ್ಟ್ರದಲ್ಲಿ ಆಯುರ್ವೇದ ಮತ್ತು ಯುನಾನಿಯವರ ನೋಂದಣಿ ಮುಂಬಯಿಯಲ್ಲಿರುವ ಮಹಾರಾಷ್ಟ್ರ ಭಾರತೀಯ ವೈದ್ಯಕ ಪರಿಷತ್ತಿನಲ್ಲಿ, 1961ರ ಮಹಾರಾಷ್ಟ್ರ ವೈದ್ಯವೃತ್ತಿ ಕಾಯ್ದೆಯಡಿ. ಎಂಬಿಬಿಎಸ್‌ನವರದು 1965ರ ಕಾಯ್ದೆಯಡಿಯ ಮಹಾರಾಷ್ಟ್ರ ವೈದ್ಯಕೀಯ ಪರಿಷತ್ತಿನಲ್ಲಿ. ಹೋಮಿಯೋಪಥಿಗೆ ಮೂರನೆಯದೊಂದು ಪರಿಷತ್ತು. ರಾಜ್ಯದ ಪಟ್ಟಿಯ ಮೇಲೆ ಒಂದು ರಾಷ್ಟ್ರೀಯ ಪಟ್ಟಿಯೂ ಇದೆ. ಪದವಿಯ ನಂತರ ಎಲ್ಲರೂ ಬರೆಯಬೇಕಾದ ರಾಷ್ಟ್ರೀಯ ನಿರ್ಗಮನ ಪರೀಕ್ಷೆಗೂ 2020ರ ಕಾಯ್ದೆಯಲ್ಲಿ ಜಾಗವಿದೆ.

ಮುಂದೆ ಓದುವವರಿಗೆ ಅಖಿಲ ಭಾರತ ಮಟ್ಟದ ಪ್ರತ್ಯೇಕ ಪ್ರವೇಶ ಪರೀಕ್ಷೆ, ಮೂರು ವರ್ಷದ ಎಂ.ಡಿ. (ಆಯುರ್ವೇದ) ಅಥವಾ ಎಂ.ಎಸ್. (ಆಯುರ್ವೇದ). ಶಲ್ಯ ಮತ್ತು ಶಾಲಾಕ್ಯದ ಸ್ನಾತಕೋತ್ತರ ವಿದ್ಯಾರ್ಥಿಗಳು 58 ಬಗೆಯ ಶಸ್ತ್ರಕ್ರಿಯೆಗಳಲ್ಲಿ ತರಬೇತಿ ಪಡೆಯಬೇಕು ಎಂದು 2020ರ ನವೆಂಬರ್‌ನಲ್ಲಿ ಹೊರಟ ಅಧಿಸೂಚನೆ ದೇಶದಾದ್ಯಂತ ಸದ್ದು ಮಾಡಿತು. ಭಾರತೀಯ ವೈದ್ಯಕೀಯ ಸಂಘ ಡಿಸೆಂಬರ್ 11ರಂದು ಮುಷ್ಕರ ಹೂಡಿತು. ರೋಗಿಯ ದೃಷ್ಟಿಯಿಂದ ಇದಕ್ಕಿಂತ ಸಣ್ಣದಾದರೂ ದಿನನಿತ್ಯದ ತೊಡಕು ಇನ್ನೊಂದಿದೆ. ಫಲಕದಲ್ಲಿ ಆವರಣದೊಳಗಿನ ‘ಆಯುರ್ವೇದ’ ಎಂಬ ಪದ ಬಿಟ್ಟುಹೋದರೆ ಎಂ.ಡಿ. ಎಂಬ ಎರಡು ಅಕ್ಷರಗಳು ಬೇರೆಯೇ ಅರ್ಥ ಕೊಡುತ್ತವೆ. ಆ ಪದವನ್ನು ಸ್ಪಷ್ಟವಾಗಿ ಬರೆಸುವುದು ವೈದ್ಯರ ಮೊದಲ ಪ್ರಾಮಾಣಿಕತೆ.

ಆಯುರ್ವೇದ ವೈದ್ಯರು ಇಂಗ್ಲಿಷ್ ಔಷಧ ಬರೆಯಬಹುದೇ? ಪುಣೆಯ ಪೇಟೆಗಳಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ, ಜ್ವರ ಬಂದಾಗ ಜನ ಮೊದಲು ಹೋಗುವ ದವಾಖಾನೆಗಳಲ್ಲಿ ಬಿಎಎಂಎಸ್ ಮತ್ತು ಬಿಎಚ್‌ಎಂಎಸ್ (ಹೋಮಿಯೋಪಥಿ) ವೈದ್ಯರವು ಬಹಳ ಇವೆ. ಅಲ್ಲಿ ಬರೆಯುವ ಚೀಟಿಯಲ್ಲಿ ಹೆಚ್ಚಾಗಿ ಕಾಣುವುದು ಕಷಾಯ ಚೂರ್ಣಗಳಲ್ಲ. ಆದ್ದರಿಂದ ಈ ಪ್ರಶ್ನೆ ಪುಸ್ತಕದ ಪ್ರಶ್ನೆಯಲ್ಲ, ಸಾವಿರಾರು ಮನೆಗಳ ಪ್ರಶ್ನೆ.

ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ 1945ರ ನಿಯಮಗಳ ಪ್ರಕಾರ ಚೀಟಿಯ ಮೇಲಷ್ಟೇ ಮಾರಬೇಕಾದ ಔಷಧಕ್ಕೆ ‘ನೋಂದಾಯಿತ ವೈದ್ಯ’ರ ಸಹಿ ಬೇಕು. ಆ ನೋಂದಾಯಿತ ವೈದ್ಯರು ಯಾರು ಎಂದು ವಿವರಿಸುವ 2(ಇಇ) ನಿಯಮದ ಮೂರನೆಯ ಭಾಗ ರಾಜ್ಯ ಸರ್ಕಾರಗಳಿಗೆ ಒಂದು ಬಾಗಿಲು ತೆರೆದಿಟ್ಟಿದೆ: ಆಧುನಿಕ ವೈದ್ಯ ಮಾಡುವ ಇತರರನ್ನೂ ರಾಜ್ಯ ತನ್ನ ಆದೇಶದಿಂದ ಈ ವ್ಯಾಖ್ಯೆಗೆ ಸೇರಿಸಬಹುದು. ಮಹಾರಾಷ್ಟ್ರ 1992ರಲ್ಲಿ ಅಧಿಸೂಚನೆ ಹೊರಡಿಸಿ ತನ್ನ ಪಟ್ಟಿಯ ಭಾರತೀಯ ಪದ್ಧತಿಯ ವೈದ್ಯರಿಗೆ ತಾವು ಪಡೆದ ತರಬೇತಿಯ ಮಟ್ಟಿಗೆ ಆಧುನಿಕ ವೈದ್ಯ ಮಾಡಲು ಅನುಮತಿ ಕೊಟ್ಟಿತು. ‘ತರಬೇತಿಯ ಮಟ್ಟಿಗೆ’ ಎಂಬ ಷರತ್ತಿನ ಗಡಿ ಎಲ್ಲಿ ಎಂಬುದು ಅಧಿಸೂಚನೆಯಿಂದ ತಿಳಿಯುವುದಿಲ್ಲ. ಅದನ್ನು ಪ್ರತಿ ವೈದ್ಯರೂ ರೋಗಿಯ ಮುಂದೆ ಕುಳಿತು ತಾವೇ ತೀರ್ಮಾನಿಸಬೇಕಾಗಿದೆ.

ಗಡಿ ದಾಟಿದರೆ ಏನಾಗುತ್ತದೆ ಎಂಬುದನ್ನು ಮುಂಬಯಿಯ ಒಂದು ಪ್ರಕರಣ ತೋರಿಸಿತು. 1992ರ ಜುಲೈನಲ್ಲಿ ಜ್ವರದ ರೋಗಿಯೊಬ್ಬರಿಗೆ ಹೋಮಿಯೋಪಥಿ ವೈದ್ಯರೊಬ್ಬರು ಅಲೋಪಥಿ ಔಷಧ ಕೊಟ್ಟರು, ರೋಗಿ ತೀರಿಕೊಂಡರು. ಅವರ ಪತ್ನಿ ಪೂನಂ ವರ್ಮಾ ಸುಪ್ರೀಂ ಕೋರ್ಟಿನವರೆಗೂ ಹೋದರು. ಒಂದು ಪದ್ಧತಿಯ ಅರಿವಿಲ್ಲದೆ ಆ ಪದ್ಧತಿಯಲ್ಲಿ ಚಿಕಿತ್ಸೆ ಕೊಡುವವರು ನಕಲಿ ವೈದ್ಯರೇ ಎಂದು ನ್ಯಾಯಾಲಯ 1996ರಲ್ಲಿ ಹೇಳಿ 3 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಎರಡು ವರ್ಷದ ನಂತರ, 1998ರ ಮುಖ್ತಿಯಾರ್ ಚಂದ್ ಪ್ರಕರಣದಲ್ಲಿ, ಅದೇ ನ್ಯಾಯಾಲಯ ಇನ್ನೊಂದು ಮುಖವನ್ನು ಸ್ಪಷ್ಟಪಡಿಸಿತು: ರಾಜ್ಯದ ಕಾನೂನು ಭಾರತೀಯ ಪದ್ಧತಿಯ ವೈದ್ಯರಿಗೆ ಆಧುನಿಕ ವೈದ್ಯದ ಹಕ್ಕನ್ನು ಗುರುತಿಸಿದ್ದರೆ ಆ ರಾಜ್ಯದಲ್ಲಿ ಅವರು ಅಂಥ ಔಷಧ ಬರೆಯಬಹುದು, ಗುರುತಿಸದ ಕಡೆ ಬರೆಯುವಂತಿಲ್ಲ. ಎರಡೂ ತೀರ್ಪುಗಳನ್ನು ಒಟ್ಟಿಗೆ ಓದಿದರೆ ಹೊರಡುವ ಅರ್ಥ ಇಷ್ಟು: ಅನುಮತಿ ಕೊಡುವುದು ರಾಜ್ಯದ ಕಾನೂನು, ತಪ್ಪಿನ ಹೊಣೆ ಮಾತ್ರ ವೈದ್ಯರದೇ.

ಹೋಮಿಯೋಪಥಿಯವರಿಗೆ ಮಹಾರಾಷ್ಟ್ರ ಬೇರೆ ದಾರಿ ಹಿಡಿಯಿತು. 2014ರಲ್ಲಿ ಕಾಯ್ದೆಗಳಿಗೆ ತಿದ್ದುಪಡಿ ತಂದು, ಆಧುನಿಕ ಔಷಧಶಾಸ್ತ್ರದ ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸ್ ಮುಗಿಸಿದ ಹೋಮಿಯೋಪಥಿ ವೈದ್ಯರು ಅಲೋಪಥಿ ಔಷಧ ಬರೆಯಲು ಅವಕಾಶ ಮಾಡಿತು. ಕೋರ್ಸ್ ನಡೆಸುವ ಹೊಣೆ ನಾಸಿಕ್ ವಿಶ್ವವಿದ್ಯಾಲಯದ್ದು. ಭಾರತೀಯ ವೈದ್ಯಕೀಯ ಸಂಘ ಇದನ್ನು ಬಾಂಬೆ ಹೈಕೋರ್ಟಿನಲ್ಲಿ ಪ್ರಶ್ನಿಸಿತು. 2025ರ ಜೂನ್‌ನಲ್ಲಿ ಈ ಕೋರ್ಸ್ ಮುಗಿಸಿದವರನ್ನು ನೋಂದಾಯಿಸಿಕೊಳ್ಳಲು ಮಹಾರಾಷ್ಟ್ರ ವೈದ್ಯಕೀಯ ಪರಿಷತ್ತು ಮುಂದಾಯಿತು, ವಿರೋಧ ಬಂದು ಜುಲೈನಲ್ಲಿ ತಡೆಯಾಯಿತು, ಸರ್ಕಾರ ಮತ್ತೆ ನೋಂದಣಿಗೆ ಸೂಚಿಸಿದಾಗ ಸೆಪ್ಟೆಂಬರ್ 18ರಂದು ರಾಜ್ಯದ ಅಲೋಪಥಿ ವೈದ್ಯರು ಕೆಲಸ ನಿಲ್ಲಿಸಿದರು.

ಈ ಜಗಳದಲ್ಲಿ ಎರಡೂ ಕಡೆಯ ಮಾತಿಗೆ ತೂಕವಿದೆ. ಎಂಬಿಬಿಎಸ್ ವೈದ್ಯರು ಕಲಿತ ಔಷಧಶಾಸ್ತ್ರಕ್ಕೆ ಹೋಮಿಯೋಪಥಿಯವರ ಒಂದು ವರ್ಷದ ಕೋರ್ಸ್ ಸಮನಾಗದು, ಷರತ್ತಿನ ಅಧಿಸೂಚನೆಯಂತೂ ಓದಿಗೆ ಬದಲಿಯೇ ಅಲ್ಲ. ಆದರೆ ಸರ್ಕಾರ ತನಗೆ ಬೇಕಾದಾಗಲೆಲ್ಲ ಇದೇ ವೈದ್ಯರನ್ನು ಆಧುನಿಕ ವೈದ್ಯದ ಕೆಲಸಕ್ಕೆ ಕರೆದಿದೆ. ಮಹಾರಾಷ್ಟ್ರದ 108 ಆಂಬುಲೆನ್ಸ್‌ಗಳಲ್ಲಿ ರೋಗಿಯ ಪಕ್ಕ ಕೂರುವ ವೈದ್ಯರಲ್ಲಿ ಹೆಚ್ಚಿನವರು ಬಿಎಎಂಎಸ್, ಬಿಎಚ್‌ಎಂಎಸ್ ಓದಿದವರು. ಹಳ್ಳಿಯ ಆರೋಗ್ಯ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ಹೋದವರಲ್ಲಿಯೂ ಆರು ತಿಂಗಳ ಸೇತು ಕೋರ್ಸ್ ಮಾಡಿದ ಆಯುರ್ವೇದ ವೈದ್ಯರು ಬಹಳ. ಪುಣೆಯ ಸಿಂಬಯಾಸಿಸ್ ಸಂಸ್ಥೆಯ ತುರ್ತು ವೈದ್ಯಸೇವೆಯ ಸ್ನಾತಕೋತ್ತರ ಡಿಪ್ಲೊಮಾಕ್ಕೆ ಈ ವೈದ್ಯರು ಸೇರುವುದೂ ಇದೇ ಕಾರಣಕ್ಕೆ. ತುರ್ತುಸೇವೆಗೆ ಬೇಕಾಗುವವರಿಗೆ ಅದಕ್ಕೆ ತಕ್ಕ ಪೂರ್ಣ ಶಿಕ್ಷಣ ಕೊಡದೆ, ತಪ್ಪಾದಾಗ ಅವರನ್ನು ಹೊರಗಿನವರೆಂದು ನೋಡುವುದು ನ್ಯಾಯವಲ್ಲ. ದುಡಿಮೆ ಸಮನಾಗಿದೆ ಎಂದು ವಾದಿಸಿ ಸಮಾನ ವೇತನ ಕೇಳಿದ ಗುಜರಾತಿನ ಆಯುರ್ವೇದ ವೈದ್ಯರಿಗೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಉತ್ತರ ‘ಇಲ್ಲ’ ಎಂದೇ. ಇಬ್ಬರೂ ಮಾಡುವ ಕೆಲಸ ಸಮಾನವಲ್ಲ ಎಂಬುದು ನ್ಯಾಯಾಲಯದ ನಿಲುವು.

ಅಮೆರಿಕದ ಆಸ್ಟಿಯೋಪಥಿಯೊಡನೆ ಹೋಲಿಸಿದಾಗ ಕಾಣುವ ದೊಡ್ಡ ವ್ಯತ್ಯಾಸ ಕ್ರಮದ್ದು. ಅಲ್ಲಿ ಮೊದಲು ಪಾಠ ಸಮನಾಯಿತು, ನಂತರ ಪರೀಕ್ಷೆ, ಕೊನೆಗೆ ಹಕ್ಕು. ಮಹಾರಾಷ್ಟ್ರದಲ್ಲಿ ಹಕ್ಕು ಅಧಿಸೂಚನೆಯಲ್ಲಿ ಮೊದಲು ಬಂತು, ಅದಕ್ಕೆ ತಕ್ಕ ಪಾಠ ಇನ್ನೂ ಪೂರ್ತಿಯಾಗಿ ಬಂದಿಲ್ಲ. ಆದರೆ ಅಮೆರಿಕದ ದಾರಿಗೂ ಬೆಲೆಯಿತ್ತು. ಕ್ಯಾಲಿಫೋರ್ನಿಯಾದಲ್ಲಿ 1962ರಲ್ಲಿ ಬಹುಪಾಲು ಡಿ.ಒ. ವೈದ್ಯರು 65 ಡಾಲರ್ ಶುಲ್ಕ ಕಟ್ಟಿ ತಮ್ಮ ಪದವಿಯನ್ನೇ ಎಂ.ಡಿ.ಗೆ ಬದಲಿಸಿಕೊಂಡರು. ಸ್ಟಿಲ್ ಹೇಳಿಕೊಟ್ಟ ಕೈಚಿಕಿತ್ಸೆಯನ್ನು ಇಂದಿನ ಬಹುಪಾಲು ಡಿ.ಒ. ವೈದ್ಯರು ಅಪರೂಪಕ್ಕಷ್ಟೇ ಬಳಸುತ್ತಾರೆ. ಸಾವಿರಾರು ವರ್ಷಗಳ ಗ್ರಂಥಪರಂಪರೆ ಇರುವ ಆಯುರ್ವೇದ ಅಷ್ಟು ಸುಲಭವಾಗಿ ಇನ್ನೊಂದರಲ್ಲಿ ಕರಗಲು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಅಲೋಪಥಿ ಔಷಧ ಬರೆಯಲು ಬಯಸುವ ಆಯುರ್ವೇದ ವೈದ್ಯರಿಗೆ ಎಂಬಿಬಿಎಸ್ ಮಟ್ಟದ ಔಷಧಶಾಸ್ತ್ರವನ್ನು ಕಲಿಸಿ, ಅದೇ ಮಟ್ಟದ ಪರೀಕ್ಷೆ ಇಟ್ಟು, ಅದರಲ್ಲಿ ಗೆದ್ದವರ ಹೆಸರನ್ನು ಪಟ್ಟಿಯಲ್ಲಿ ಪ್ರತ್ಯೇಕವಾಗಿ ಗುರುತಿಸುವುದು ಸಾಧ್ಯವಿರುವ ಕೆಲಸ. ಬರೀ ಆಯುರ್ವೇದವನ್ನೇ ಮಾಡುವವರಿಗೆ ಅದರ ಅಗತ್ಯವೂ ಇರುವುದಿಲ್ಲ.

ಪುಣೆಯಲ್ಲಿ ಓದಿ ಊರಿಗೆ ಮರಳುವ ಕನ್ನಡಿಗರು ತಿಳಿದಿರಬೇಕಾದ ಸಂಗತಿಯೊಂದು ಉಳಿದಿದೆ. ಬಿಎಎಂಎಸ್ ಪದವಿ ದೇಶಕ್ಕೆಲ್ಲ ಒಂದೇ ಆದರೂ ಮಹಾರಾಷ್ಟ್ರದ ಅನುಮತಿ ಗಡಿ ದಾಟಿ ಬರುವುದಿಲ್ಲ. ಬೆಳಗಾವಿಯಲ್ಲೋ ವಿಜಯಪುರದಲ್ಲೋ ದವಾಖಾನೆ ತೆರೆಯುವ ಆಯುರ್ವೇದ ವೈದ್ಯರು ಕರ್ನಾಟಕದ 1961ರ ನೋಂದಣಿ ಕಾಯ್ದೆಯಡಿಯ ಮಂಡಳಿಯಲ್ಲಿ ಹೆಸರು ದಾಖಲಿಸಬೇಕು. ದವಾಖಾನೆಯನ್ನೂ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಯಾವ ಪದ್ಧತಿಯದೆಂದು ತಿಳಿಸಿ, ಪ್ರತ್ಯೇಕವಾಗಿ ನೋಂದಾಯಿಸಬೇಕು. ಮುಖ್ತಿಯಾರ್ ಚಂದ್ ತೀರ್ಪಿನ ಪ್ರಕಾರ ಅಲ್ಲಿಂದ ಮುಂದೆ ಅವರ ಚೀಟಿಗೆ ಅನ್ವಯಿಸುವುದು ಮುಂಬಯಿಯಿಂದ ಹೊರಟ 1992ರ ಅಧಿಸೂಚನೆಯಲ್ಲ, ಕರ್ನಾಟಕದ ಕಾನೂನು.